ಸರಾಸರಿ ಸಕ್ಕರೆ ಇಳಿದರೆ ಮಧುಮೇಹದ ಆರೈಕೆ ಸುಧಾರಿಸಿದಂತೆಯೇ?

ಪ್ರಶ್ನೆ: ಚಿಕಿತ್ಸಾಲಯಕ್ಕೆ ಬರುವ ಮಧುಮೇಹಿಗಳ ಸರಾಸರಿ ಎಚ್‌ಬಿಎ1ಸಿ ಕಳೆದ ವರ್ಷಕ್ಕಿಂತ ಕಡಿಮೆಯಾಗಿದೆ. ಹಾಗಾದರೆ ಆ ಸಮುದಾಯದಲ್ಲಿ ಮಧುಮೇಹದ ಆರೈಕೆ ಚೆನ್ನಾಗಿದೆ ಎನ್ನಬಹುದೇ?

ಉತ್ತರ: ಅಷ್ಟರಿಂದಲೇ ಹೇಳಲಾಗದು. ಎಚ್‌ಬಿಎ1ಸಿ ಒಳ್ಳೆಯ ಪರೀಕ್ಷೆ. ಹಿಂದಿನ ಎರಡು–ಮೂರು ತಿಂಗಳು ಸಕ್ಕರೆ ಮಟ್ಟ ಹೇಗಿತ್ತು ಎಂಬುದನ್ನು ಅದು ತಿಳಿಸುತ್ತದೆ (ರಕ್ತಹೀನತೆಯಂಥ ತೊಂದರೆ ಇದ್ದವರಲ್ಲಿ ಅದು ದಾರಿ ತಪ್ಪಿಸಬಹುದು). ಆದರೆ ಸರಾಸರಿ ಇಳಿಯಲು ಬೇರೆ ಕಾರಣಗಳೂ ಇರುತ್ತವೆ. ತಪಾಸಣಾ ಶಿಬಿರ ನಡೆದು, ಕಾಯಿಲೆ ಈಗಷ್ಟೇ ಶುರುವಾದ ಹಲವರು ಪಟ್ಟಿಗೆ ಸೇರಿದರೆ ಸರಾಸರಿ ತಾನಾಗಿಯೇ ಇಳಿಯುತ್ತದೆ. ಸಕ್ಕರೆ ವಿಪರೀತ ಏರಿದ್ದವರು ಬರುವುದನ್ನೇ ಬಿಟ್ಟರೂ ಇಳಿಯುತ್ತದೆ. ಎರಡನೆಯದು ಸೋಲು, ಕಾಗದದಲ್ಲಿ ಮಾತ್ರ ಗೆಲುವಿನಂತೆ ಕಾಣುತ್ತದೆ.

ಹಾಗಾಗಿ ಯಾವ ಅಂಕಿ ಮುಂದಿಟ್ಟರೂ ನಾನು ಮೊದಲು ಕೇಳುವುದು, ಇದು ಎಷ್ಟು ಜನರ ಪೈಕಿ ಎಂದು. ಒಂದು ಲೆಕ್ಕ ಹಾಕೋಣ. ಊರಿನಲ್ಲಿ 1000 ಜನರಿಗೆ ಮಧುಮೇಹವಿದೆ ಎಂದುಕೊಳ್ಳಿ. ಅವರಲ್ಲಿ 600 ಮಂದಿಗೆ ಅದು ಗೊತ್ತಿದೆ, 300 ಮಂದಿ ತಪ್ಪದೆ ಚಿಕಿತ್ಸೆಗೆ ಬರುತ್ತಾರೆ, 200 ಮಂದಿಯ ಸಕ್ಕರೆ ಹತೋಟಿಯಲ್ಲಿದೆ. ಚಿಕಿತ್ಸಾಲಯದ ಪ್ರಕಾರ ಮೂವರಲ್ಲಿ ಇಬ್ಬರು ಚೆನ್ನಾಗಿದ್ದಾರೆ. ಊರಿನ ಲೆಕ್ಕದಲ್ಲಿ ಐವರಲ್ಲಿ ಒಬ್ಬರು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ 2030ಕ್ಕೆಂದು ಗೊತ್ತುಪಡಿಸಿದ ಗುರಿಗಳು ಶುರುವಾಗುವುದೂ ಇಲ್ಲಿಂದಲೇ: ಮಧುಮೇಹ ಇರುವವರಲ್ಲಿ ಶೇ 80 ಮಂದಿಗೆ ರೋಗ ಪತ್ತೆಯಾಗಿರಬೇಕು. ಪತ್ತೆಯಾದವರಲ್ಲಿ ಶೇ 80 ಮಂದಿಯ ಸಕ್ಕರೆ, ಅಷ್ಟೇ ಮಂದಿಯ ರಕ್ತದೊತ್ತಡ ಹತೋಟಿಯಲ್ಲಿರಬೇಕು. ರಕ್ತದೊತ್ತಡವನ್ನು ಬಿಟ್ಟು ಸಕ್ಕರೆಯನ್ನಷ್ಟೇ ಅಳೆದರೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಲೆಕ್ಕದಿಂದ ಹೊರಗೇ ಉಳಿಯುತ್ತದೆ.

ಇನ್ನು ಮಾಡಬೇಕಾದ ತಪಾಸಣೆಗಳು: ಕಣ್ಣಿನ ಅಕ್ಷಿಪಟಲ, ಮೂತ್ರದಲ್ಲಿ ಆಲ್ಬುಮಿನ್ (ಮೂತ್ರಪಿಂಡಕ್ಕೆ ಹಾನಿಯಾದಾಗ ಸೋರುವ ಪ್ರೋಟೀನ್), ಪಾದ. ಪಾದದ ವಿಷಯವನ್ನೇ ನೋಡಿ. ರೋಗಿ ಚಪ್ಪಲಿ ಕಳಚಿ ಕಣ್ಣು ಮುಚ್ಚಿರುತ್ತಾರೆ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿನ ಕೆಲವು ಜಾಗಗಳಿಗೆ ಒತ್ತಿ, ತಾಗಿದ್ದು ಗೊತ್ತಾಯಿತೇ ಎಂದು ಕೇಳುತ್ತಾರೆ. ಗೊತ್ತಾಗದಿದ್ದರೆ ಸ್ಪರ್ಶಜ್ಞಾನ ಕುಂದಿದೆ, ನಾಳೆ ಹುಣ್ಣಾದರೂ ನೋವಿನ ಎಚ್ಚರಿಕೆ ಸಿಗಲಿಕ್ಕಿಲ್ಲ ಎಂದರ್ಥ. ಕೆಲವೇ ನಿಮಿಷಗಳ ಕೆಲಸ. ಚಪ್ಪಲಿಯನ್ನೇ ಬಿಚ್ಚಿಸದೆ ‘ಪಾದ ಪರೀಕ್ಷೆ ಆಗಿದೆ’ ಎಂದು ಗುರುತು ಹಾಕಿದರೂ ವರದಿಯಲ್ಲಿ ಎರಡೂ ಒಂದೇ. ಅದಕ್ಕೇ ದಾಖಲೆಯ ಜೊತೆಗೆ ರೋಗಿಗಳನ್ನೂ ನೇರವಾಗಿ ಕೇಳಬೇಕು.

ಕಾಲು ಕತ್ತರಿಸಬೇಕಾಗಿ ಬಂದವರು, ದೃಷ್ಟಿ ಕಳೆದುಕೊಂಡವರು, ಡಯಾಲಿಸಿಸ್‌ಗೆ ತಲುಪಿದವರು ಎಷ್ಟು ಎಂಬುದೇ ಕೊನೆಗೆ ಮುಖ್ಯ. ಆದರೆ ಇವು ವರ್ಷಗಟ್ಟಲೆ ತಡವಾಗಿ ಕಾಣಿಸುವ ಫಲಿತಾಂಶಗಳು. ಹಿಂದಿನ ದಶಕದ ಆರೈಕೆಯ ಕಥೆಯನ್ನು ಹೇಳುತ್ತವೆ.

ಎಲ್ಲರ ಎಚ್‌ಬಿಎ1ಸಿಯನ್ನೂ ಶೇ 7ರ ಕೆಳಗೆ ತರಲೇಬೇಕೆಂಬ ಹಟವೂ ಸರಿಯಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ‘ಅಕಾರ್ಡ್’ ಅಧ್ಯಯನದಲ್ಲಿ ಹೃದ್ರೋಗದ ಅಪಾಯ ಹೆಚ್ಚಿದ್ದ ರೋಗಿಗಳನ್ನು ಶೇ 6ರ ಕೆಳಗೆ ತರಲು ಯತ್ನಿಸಿದಾಗ ಆ ಗುಂಪಿನಲ್ಲಿ ಸಾವು ಹೆಚ್ಚಿತು. 2008ರಲ್ಲಿ ಆ ತೀವ್ರ ಚಿಕಿತ್ಸೆಯನ್ನು ನಿಲ್ಲಿಸಬೇಕಾಯಿತು. ಇಳಿವಯಸ್ಸಿನವರಿಗೆ ಸಕ್ಕರೆ ದಿಢೀರನೆ ಕುಸಿಯುವುದೇ ದೊಡ್ಡ ಅಪಾಯ. ಹಾಗೆ ಕುಸಿದು ಆಸ್ಪತ್ರೆ ಸೇರಿದವರ ಸಂಖ್ಯೆಯೂ ಆರೈಕೆಯ ವರದಿಯಲ್ಲಿರಬೇಕು.