ಗೊಂಬೆಯ ಕಣ್ಣಿನ ಮಟ್ಟಕ್ಕೆ ಬಗ್ಗಿ

ನನ್ನ ಹತ್ತಿರ ಫೋಟೋಗ್ರಫಿ ಕಲಿಯಲು ಬರುವ ಹುಡುಗರು ತಮ್ಮ ಆ್ಯಕ್ಷನ್ ಫಿಗರ್, ಅಂದರೆ ಕೈಕಾಲು ತಿರುಗಿಸಬಹುದಾದ ಆಟಿಕೆ ಗೊಂಬೆಯ ಚಿತ್ರ ತೋರಿಸಿ ಕೇಳುವುದು ಒಂದೇ: "ಸಾರ್, ಇದ್ಯಾಕೆ ಬರೀ ಗೊಂಬೆ ಥರಾನೇ ಕಾಣ್ತದೆ?" ಚಿತ್ರ ನೋಡಿದರೆ ಕಾರಣ ತಿಳಿಯುತ್ತದೆ. ನಿಂತಲ್ಲಿಂದಲೇ, ಮೇಲಿನಿಂದ ತೆಗೆದಿರುತ್ತಾರೆ. ಎಲ್ಲವೂ ಸ್ಪಷ್ಟ, ಮೇಜಿನ ಮೇಲಿನ ಗೀರು ಕೂಡ.

ಇದರ ಗುಟ್ಟನ್ನು 1970ರ ದಶಕದಲ್ಲೇ ಹಿಡಿದವರು ಅಮೆರಿಕದ ಡೇವಿಡ್ ಲೆವಿಂಥಾಲ್. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಆಟಿಕೆ ಸೈನಿಕರ ಫೋಟೋ ತೆಗೆಯಲು ಶುರು ಮಾಡಿದರು. ಗೆಳೆಯ ಗ್ಯಾರಿ ಟ್ರೂಡೋ ಜೊತೆ ಸೇರಿ, ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ರಷ್ಯಾಕ್ಕೆ ನುಗ್ಗಿದ ಕಥೆಯನ್ನು ಗೊಂಬೆಗಳಲ್ಲೇ ಹೇಳಿದರು. 1977ರಲ್ಲಿ ಅದು ಪುಸ್ತಕವಾಯಿತು. ಕಂದು ಛಾಯೆಯ ಆ ಚಿತ್ರಗಳಲ್ಲಿ ಬಹಳಷ್ಟು ಮಸುಕು. ಪ್ಲಾಸ್ಟಿಕ್ಕಿನ ಅಂಚು ಕಾಣದೇ ಹೋದಾಗ ನಮ್ಮ ಕಣ್ಣು ಅಲ್ಲಿ ಮನುಷ್ಯನನ್ನು ತುಂಬಿಕೊಳ್ಳುತ್ತದೆ. ಯಾರೋ ಗುಂಡಿನ ನಡುವೆ ಓಡುತ್ತಾ ತೆಗೆದ ಹಾಗಿದೆ ಅನ್ನಿಸುತ್ತದೆ. ನನಗೆ ಇವತ್ತಿಗೂ ಅವೇ ಪಾಠ.

ಆದರೆ ಅದು ಕಲಾವಿದರ ಕೆಲಸ. ಮನೆಮನೆಯ ಹವ್ಯಾಸವಾಗಲು ಗೊಂಬೆಯೇ ಬದಲಾಗಬೇಕಿತ್ತು. 1978ರಲ್ಲಿ ಬಂದ ಸ್ಟಾರ್ ವಾರ್ಸ್ ಸಿನಿಮಾದ ಗೊಂಬೆಗಳು ಮೂರೂಮುಕ್ಕಾಲು ಇಂಚಿನವು. ಕತ್ತು, ಎರಡು ಭುಜ, ಎರಡು ಸೊಂಟದ ಕೀಲು, ಅಷ್ಟೇ. ಮೊಣಕೈ ಮಡಚದ ಗೊಂಬೆ ಎಷ್ಟು ತಾನೇ ನಟಿಸೀತು? 2008ರಲ್ಲಿ ಜಪಾನಿನಲ್ಲಿ ಶುರುವಾದ ಫಿಗ್ಮಾ ಗೊಂಬೆಗಳಿಗೆ ಮೊಣಕಾಲು, ಮಣಿಕಟ್ಟು ಎಲ್ಲ ತಿರುಗುತ್ತವೆ, ಮುಖ ಬದಲಿಸಬಹುದು. ಅಷ್ಟರಲ್ಲಿ ಡಿಜಿಟಲ್ ಕ್ಯಾಮೆರಾ ಬಂದಿತ್ತು. ನೂರು ಸಲ ತಪ್ಪಿದರೂ ರೀಲಿನ ಖರ್ಚಿಲ್ಲ, ಅಲ್ವಾ? ತೋರಿಸಲು 2004ರಿಂದ ಫೋಟೋ ಹಂಚಿಕೊಳ್ಳುವ ಜಾಲತಾಣ ಫ್ಲಿಕರ್, 2010ರಿಂದ ಇನ್‌ಸ್ಟಾಗ್ರಾಂ. ಫಿನ್ಲೆಂಡಿನ ವೇಸಾ ಲೆಹ್ತಿಮಾಕಿ ಮಗನ ಸ್ಟಾರ್ ವಾರ್ಸ್ ಆಟಿಕೆಗಳನ್ನು ಹಿಮದಲ್ಲಿ ನಿಲ್ಲಿಸಿ ತೆಗೆದ ಚಿತ್ರಗಳು ಜಗತ್ತೆಲ್ಲ ಸುತ್ತಿದವು.

ಇನ್ನು ಕೆಲಸದ ಮಾತು. ಹೊಟ್ಟೆ ನೆಲಕ್ಕೆ ತಾಗುವಷ್ಟು ಬಗ್ಗಿ, ಲೆನ್ಸನ್ನು ಗೊಂಬೆಯ ಕಣ್ಣಿನ ಮಟ್ಟಕ್ಕೆ ತನ್ನಿ. ನಾಲ್ಕು ಸೆಂಟಿಮೀಟರ್ ಎತ್ತರದ ಲೆಗೋ ಗೊಂಬೆಗೆ ಕುಂಡದ ಪಾಚಿಯೇ ಕಾಡು. ಹತ್ತಿರ ಹೋದಷ್ಟೂ ಫೋಕಸ್ ಸಿಗುವ ಜಾಗ ಕಿರಿದಾಗುತ್ತದೆ, ಮೂಗು ಸಿಕ್ಕರೆ ಕಿವಿ ಮಸುಕು. ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್, ಕಿರಿದಾದಷ್ಟೂ ಆ ಜಾಗ ಹಿಗ್ಗುತ್ತದೆ. ಹಾಗಾಗಿ ಅದನ್ನು ಎಫ್/8ರ ಆಸುಪಾಸಿನಿಂದ ಶುರು ಮಾಡಿ, ಕಣ್ಣಿಗೆ ಫೋಕಸ್ ಮಾಡಿ. ಬೆಳಕು ಹಿಂದಿನಿಂದ ಬರಲಿ. ಮಂಜು ಬೇಕಾದರೆ ಊದುಬತ್ತಿ ಸಾಕು. ಧೂಳಿಗೆ ನಾನು ರಾಗಿ ಹಿಟ್ಟು ಉದುರಿಸುತ್ತೇನೆ. ಮಣ್ಣು ಬೇಡ, ಅದರ ಒಂದು ಕಾಳೂ ಗೊಂಬೆಯ ಪಕ್ಕ ಕಲ್ಲಿನಷ್ಟು ದೊಡ್ಡದಾಗಿ ಕಾಣುತ್ತದೆ.

ನೀರಿನ ಮುಂದೆ ಮಾತ್ರ ನಾನೂ ತುಂಬಾ ಸಲ ಸೋತಿದ್ದೇನೆ. ಹನಿಯನ್ನು ಗೊಂಬೆಯ ಅಳತೆಗೆ ಚಿಕ್ಕದು ಮಾಡಲು ಆಗುವುದಿಲ್ಲ. ಮಳೆ ತೋರಿಸಲು ಹೋದರೆ ಗೊಂಬೆಯ ಹೆಗಲ ಮೇಲೆ ತೆಂಗಿನಕಾಯಿ ಗಾತ್ರದ ಹನಿ ಕೂತಿರುತ್ತದೆ. ಸ್ಪ್ರೇ ಬಾಟಲಿಯನ್ನು ದೂರ ಹಿಡಿದು, ಹನಿ ಗೊಂಬೆಗೆ ತಾಗುವ ಮೊದಲೇ ಗಾಳಿಯಲ್ಲಿ ಹಿಡಿಯಬೇಕು. ಮೊನ್ನೆ ಅರವತ್ತು ಸಲ ಪ್ರಯತ್ನಿಸಿದೆ. ಎರಡು ಸಿಕ್ಕವು.