ಸುಟ್ಟ ಬೇಲಿಗೆ ಮುಕ್ಕಾಲು ಪಾಲು: ಅಮೆರಿಕದ ತುರ್ತು ಭೂಸಂರಕ್ಷಣಾ ನೆರವು ಬೆಳೆದುಬಂದ ಬಗೆ

2017ರ ಮಾರ್ಚ್ 6ರಂದು ಒಕ್ಲಹೋಮದಲ್ಲಿ ಹೊತ್ತಿಕೊಂಡ ಸ್ಟಾರ್‌ಬಕ್ ಕಾಳ್ಗಿಚ್ಚು ಗಾಳಿಯ ಜತೆ ಕ್ಯಾನ್ಸಸ್‌ಗೆ ನುಗ್ಗಿ ಕ್ಲಾರ್ಕ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಬಹುಪಾಲು ನೆಲವನ್ನು ಸುಟ್ಟಿತು. ಒಟ್ಟು 6 ಲಕ್ಷ ಎಕರೆಗೂ ಹೆಚ್ಚು ಬೂದಿಯಾಯಿತು. ದನ ಸಾಕಣೆಯನ್ನೇ ನೆಚ್ಚಿಕೊಂಡ, ಸುಮಾರು 2,000 ಜನರ ಕೌಂಟಿ ಅದು. ಸಾವಿರಾರು ದನ ಸತ್ತವು. ಮಳೆ ಬಿದ್ದರೆ ಹುಲ್ಲೇನೋ ತಾನಾಗಿ ಬಂದೀತು. ಬೇಲಿಗೆ ದುಡ್ಡು ಬೇಕು. ಮರದ ಕಂಬಗಳು ಉರಿದುಹೋಗಿದ್ದವು. ಮುಳ್ಳುತಂತಿ ನಿಂತಿದ್ದರೂ ಬೆಂಕಿಯ ಕಾವಿಗೆ ಕೆಟ್ಟಿರಬಹುದು.

ಹೊಸ ಬೇಲಿಗೆ ಆಗ ಮೈಲಿಗೆ ಸುಮಾರು 10,000 ಡಾಲರ್ ಖರ್ಚು. ಇದಕ್ಕೆ ಒದಗಿಬರಬೇಕಾದದ್ದು ಅಮೆರಿಕದ ಕೇಂದ್ರ ಕೃಷಿ ಇಲಾಖೆಯ ‘ಎಮರ್ಜೆನ್ಸಿ ಕನ್ಸರ್ವೇಶನ್ ಪ್ರೋಗ್ರಾಂ’, ಅಂದರೆ ತುರ್ತು ಭೂಸಂರಕ್ಷಣಾ ಯೋಜನೆ.

ಇದರ ಬೇರು 1930ರ ದಶಕದ ಧೂಳಿನ ಬಿರುಗಾಳಿಗಳಲ್ಲಿದೆ. ಮೇಲ್ಮಣ್ಣು ಹಾರಿಹೋಗುವುದನ್ನು ಕಣ್ಣಾರೆ ಕಂಡ ಮೇಲೆ, ರೈತನ ಹೊಲ ಕಾಯುವುದು ಸರ್ಕಾರದ ಹೊಣೆಯೂ ಹೌದೆಂದು ಒಪ್ಪಿ 1935ರಲ್ಲಿ ಮಣ್ಣು ಸಂರಕ್ಷಣಾ ಕಾಯ್ದೆ ಬಂತು. 1950ರ ದಶಕದ ಬರಗಾಲ ತುರ್ತು ನೆರವಿಗೆ ದಾರಿ ಮಾಡಿತು. ಅದಕ್ಕೆ ಗಟ್ಟಿ ಕಾನೂನು ಸಿಕ್ಕಿದ್ದು 1978ರ ಕೃಷಿ ಸಾಲ ಕಾಯ್ದೆಯಲ್ಲಿ. ನೆರವು ಸಿಗಬೇಕಾದರೆ ಪ್ರಕೃತಿ ವಿಕೋಪದಿಂದ ಹೊಸದಾಗಿ ಹಾನಿಯಾಗಿರಬೇಕು, ರೈತ ತಾನೊಬ್ಬನೇ ಸರಿಪಡಿಸಲಾಗದಷ್ಟು ದುಬಾರಿಯಾಗಿರಬೇಕು. ಅರ್ಹತೆಯನ್ನು ನೋಡುವುದು ರೈತರೇ ಆರಿಸಿದ ಕೌಂಟಿ ಸಮಿತಿ. ನನಗೆ ಈ ಯೋಜನೆಯಲ್ಲಿ ತುಂಬ ಹಿಡಿಸುವ ಅಂಶ ಇದು: ಸಮಿತಿಯವರಿಗೆ ಅರ್ಜಿದಾರರ ಹೊಲದ ಗುರುತಿರುತ್ತದೆ.

ತೊಡಕಿದ್ದದ್ದು ಹಣ ಬರುವ ಕ್ರಮದಲ್ಲಿ. ಆಗ ಸರ್ಕಾರ ಸಾಮಾನ್ಯವಾಗಿ ಕೊಡುತ್ತಿದ್ದದ್ದು ಖರ್ಚಿನ ಶೇ. 75ರವರೆಗೆ, ಅದೂ ಕೆಲಸ ಮುಗಿದ ಮೇಲೆ. 20 ಮೈಲಿ ಬೇಲಿ ಕಳೆದುಕೊಂಡವನು ಮೊದಲು 2 ಲಕ್ಷ ಡಾಲರ್ ಹೊಂದಿಸಬೇಕಿತ್ತು; ಒಂದೂವರೆ ಲಕ್ಷ ಆಮೇಲೆ ಬರುತ್ತಿತ್ತು. ಅರ್ಜಿಗೆ ಮೊದಲೇ ಕಂಬ ನೆಟ್ಟರೆ ನೆರವು ಕೈತಪ್ಪಬಹುದು. ಇತ್ತ ಉಳಿದ ದನಗಳನ್ನು ಬೇಲಿಯಿಲ್ಲದೆ ಕಾಯುವುದೆಂತು? ದೂರದ ಮಿಷಿಗನ್, ಒಹಾಯೊಗಳಿಂದ ರೈತರು ಲಾರಿಗಟ್ಟಲೆ ಒಣಹುಲ್ಲು ತಂದು ಕ್ಲಾರ್ಕ್ ಕೌಂಟಿಯ ಆ್ಯಶ್‌ಲ್ಯಾಂಡ್ ಊರಿಗೆ ಇಳಿಸಿದರು. ಸರ್ಕಾರದ ಹಣಕ್ಕಿಂತ ಮೊದಲು ತಲುಪಿದ್ದು ಅದು.

ಈ ಬೆಂಕಿಯ ನಂತರ ನಿಯಮಗಳು ಬದಲಾದವು. ಸತ್ತ ಜಾನುವಾರುಗಳ ಪರಿಹಾರಕ್ಕೆ ಬೇರೆಯೇ ಯೋಜನೆಯಿದೆ. ಅದಕ್ಕಿದ್ದ 1,25,000 ಡಾಲರ್ ಮಿತಿಯನ್ನು 2018ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ತೆಗೆದುಹಾಕಿತು. ಅದೇ ವರ್ಷದ ಕೃಷಿ ಮಸೂದೆ ಭೂಸಂರಕ್ಷಣಾ ನೆರವಿನ ಮಿತಿಯನ್ನು 2 ಲಕ್ಷದಿಂದ 5 ಲಕ್ಷ ಡಾಲರ್‌ಗೆ ಏರಿಸಿ, ಬೇಲಿಗೆ ಸಿಗುವ ನೆರವಿನ ಶೇ. 25ರವರೆಗೆ ಮುಂಗಡವಾಗಿ ಕೊಡಲು ಅವಕಾಶ ಕಲ್ಪಿಸಿತು. ಮುಂಗಡವನ್ನು 60 ದಿನದೊಳಗೆ ಖರ್ಚು ಮಾಡಬೇಕು.

ಬದಲಾಗದೆ ಉಳಿದದ್ದು ಬೊಕ್ಕಸದ ಲೆಕ್ಕ. ಯೋಜನೆಗೆ ಕಾಯಂ ಕಾನೂನಿದೆ, ವರ್ಷವರ್ಷ ಖಚಿತವಾಗಿ ಬರುವ ಅನುದಾನವಿಲ್ಲ. ವಿಪತ್ತಾದ ಮೇಲೆ ಕಾಂಗ್ರೆಸ್ ಪೂರಕ ಮಸೂದೆಯಲ್ಲಿ ಹಣ ಇಟ್ಟಾಗಲೇ ತಿಜೋರಿ ತುಂಬುವುದು. 2024ರ ಫೆಬ್ರವರಿಯಲ್ಲಿ ಟೆಕ್ಸಸ್‌ನ ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ 10 ಲಕ್ಷ ಎಕರೆಗೂ ಹೆಚ್ಚು ಸುಟ್ಟಿತು. ಇಡೀ ದೇಶದ ವಿಪತ್ತುಗಳಿಗೆಂದು ಕಾಂಗ್ರೆಸ್ ಈ ಯೋಜನೆಗೆ 82.8 ಕೋಟಿ ಡಾಲರ್ ಮಂಜೂರು ಮಾಡುವಷ್ಟರಲ್ಲಿ ಡಿಸೆಂಬರ್ ಬಂದಿತ್ತು.