ದೇವರು ನನ್ನ ಜೊತೆ ಒಂದು ಮಾತೂ ಆಡಿಲ್ಲ, ಹಾಗಾದರೆ ದಾರಿ ಹೇಗೆ ತಿಳಿಯೋದು?

ಸಿಂಧನೂರಿನ ಒಬ್ಬ ತಂಗಿ ಕೇಳಿದ ಪ್ರಶ್ನೆ: "ಅಕ್ಕಾ, ನಾನು ನರ್ಸಿಂಗ್ ಮುಗಿಸಿದ್ದೇನೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಊರಲ್ಲಿ ಅಮ್ಮ ಒಬ್ಬರೇ. ಇಲ್ಲೇ ಹತ್ತಿರದ ನರ್ಸಿಂಗ್ ಹೋಮಿನಲ್ಲೂ ಕರೆದಿದ್ದಾರೆ, ಆದರೆ ಸಂಬಳ ಅರ್ಧ. ಎರಡು ತಿಂಗಳಿಂದ ಪ್ರಾರ್ಥನೆ ಮಾಡ್ತಿದ್ದೇನೆ, ಶುಕ್ರವಾರ ಉಪವಾಸವೂ ಇದ್ದೇನೆ. ಸಭೆಯಲ್ಲಿ ಸಾಕ್ಷಿ ಹೇಳುವವರು 'ಕರ್ತರು ನನ್ನ ಸಂಗಡ ಮಾತಾಡಿದರು' ಅಂತಾರೆ. ನನಗೆ ಒಂದು ಮಾತೂ ಕೇಳಿಸಿಲ್ಲ. ನನ್ನ ವಿಶ್ವಾಸದಲ್ಲೇ ಕೊರತೆ ಇದೆಯಾ? ಮಾತಿಲ್ಲದೆ ದೇವರು ದಾರಿ ತೋರಿಸ್ತಾರಾ?"

ತೋರಿಸುತ್ತಾನೆ, ತಂಗಿ. ಮೊದಲು ಆ ಕೊರತೆಯ ಯೋಚನೆ ಬಿಡು. ಸಾಕ್ಷಿಯ ಹೊತ್ತಿನಲ್ಲಿ ಮೈಕ್ ಹಿಡಿಯುವವರು ತಮಗೆ ಕೇಳಿಸಿದ್ದನ್ನು ಹೇಳುತ್ತಾರೆ. ಏನೂ ಕೇಳಿಸದೆ ಮೂವತ್ತು ವರ್ಷ ಆತನ ಹಿಂದೆ ನಡೆದವರು ಅದೇ ಸಭೆಯಲ್ಲಿ ಚಾಪೆ ಮೇಲೆ ಸುಮ್ನೆ ಕೂತಿರುತ್ತಾರೆ. ಅವರ ಕೈಗೆ ಮೈಕ್ ಬರುವುದೇ ಕಡಿಮೆ.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ರೂತಳ ಪುಸ್ತಕ ತೆಗೆದು ನೋಡು. ನಾಲ್ಕೇ ಅಧ್ಯಾಯ. ಆ ನಾಲ್ಕರಲ್ಲೂ ದೇವರು ರೂತಳಿಗೆ ಒಂದು ಮಾತೂ ಹೇಳುವುದಿಲ್ಲ. ಕನಸಿಲ್ಲ, ದೇವದೂತ ಇಲ್ಲ. ಗಂಡನನ್ನು ಕಳೆದುಕೊಂಡವಳು, ಪರದೇಶದವಳು, ಅತ್ತೆ ನೊವೊಮಿಯ ಜೊತೆ ಬೇತ್ಲೆಹೇಮಿಗೆ ಬಂದಿದ್ದಾಳೆ. ಜವೆಗೋಧಿ ಕೊಯ್ಲಿನ ಕಾಲ. ಅವಳು ಹಕ್ಕಲು ಆಯೋಕೆ ಹೊರಡುತ್ತಾಳೆ.

ಹಕ್ಕಲು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಜೋಳ ಕೊಯ್ದ ಹೊಲದಲ್ಲಿ, ಶೇಂಗಾ ಕಿತ್ತ ಹೊಲದಲ್ಲಿ ಬಗ್ಗಿ ಬಗ್ಗಿ ಆಯ್ದು ಉಡಿ ತುಂಬಿಸಿಕೊಂಡು ಬಂದ ಕೈಗಳು ನಮ್ಮ ಮನೆಗಳಲ್ಲೇ ಇವೆ. ನಮ್ಮ ಅಜ್ಜಿ ಶೇಂಗಾ ಹಕ್ಕಲಿಗೆ ಹೊರಟಾಗ ಯಾರ ಹೊಲಕ್ಕೆ ಅಂತ ಅವಳಿಗೇ ಗೊತ್ತಿರುತ್ತಿರಲಿಲ್ಲ. ಯಾರು ಬೈಯದೆ ಒಳಗೆ ಬಿಡುತ್ತಾರೋ ಅವರ ಹೊಲ, ಅಷ್ಟೇ. ರೂತಳೂ ಹಾಗೇ ಹೋದಳು. ಅವಳು ಕಾಲಿಟ್ಟ ಹೊಲ ಬೋವಜನದಾಗಿತ್ತು. ಇಬ್ರಿಯ ಮೂಲದಲ್ಲಿ ಅದನ್ನು 'ಅಕಸ್ಮಾತ್ತಾಗಿ' ಅನ್ನುವ ಅರ್ಥ ಬರುವಂತೆಯೇ ಬರೆದಿದೆ. ಆ ಹೊಲದಿಂದ ಮದುವೆ, ಮದುವೆಯಿಂದ ಮಗ ಓಬೇದ, ಅವನ ಮೊಮ್ಮಗ ರಾಜ ದಾವೀದ. ಮತ್ತಾಯನು ಬರೆದ ಯೇಸುವಿನ ವಂಶಾವಳಿಯಲ್ಲಿ ಈ ಹಕ್ಕಲು ಆಯ್ದವಳ ಹೆಸರಿದೆ. ಆದರೆ ಆ ದಿನ ಬೆಳಿಗ್ಗೆ ಮನೆ ಬಿಡುವಾಗ ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಅತ್ತೆಗೂ ತನಗೂ ಊಟಕ್ಕೆ ಬೇಕು.

ಎಸ್ತೇರಳ ಪುಸ್ತಕದ ಇಬ್ರಿಯ ಮೂಲದಲ್ಲಂತೂ ದೇವರ ಹೆಸರೇ ಬರುವುದಿಲ್ಲ. ಆದರೂ ಓದಿ ಮುಗಿಸಿದ ಮೇಲೆ ಆತ ಅಲ್ಲಿರಲಿಲ್ಲ ಅಂತ ಯಾರೂ ಹೇಳಲಾರರು.

ಪ್ರವಾದಿ ಎಲೀಯನ ಕಥೆ ನಿನಗೆ ಗೊತ್ತೇ ಇದೆ. ಹೋರೇಬ್ ಬೆಟ್ಟದಲ್ಲಿ ಬಿರುಗಾಳಿ, ಭೂಕಂಪ, ಬೆಂಕಿ, ಆಮೇಲೆ ಒಂದು ಮೆಲ್ಲನೆಯ ಸದ್ದು. ನನಗೆ ಅದಕ್ಕಿಂತ ಹಿಂದಿನ ಭಾಗ ಜಾಸ್ತಿ ಹತ್ತಿರ. ಕೊಲ್ಲಿಸುತ್ತೇನೆ ಅಂದ ರಾಣಿ ಈಜೆಬೆಲಳಿಗೆ ಹೆದರಿ ಓಡಿ ಬಂದ ಎಲೀಯ ಅಡವಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದು, ಇನ್ನು ಸಾಕು, ಸತ್ತರೆ ಸಾಕು ಅನ್ನುತ್ತಾನೆ. ದೇವರು ಅವನಿಗೆ ಬುದ್ಧಿ ಹೇಳಲು ಕೂರಲಿಲ್ಲ. ಮಲಗಲು ಬಿಟ್ಟ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ದೂತ ಹೇಳಿದ್ದು ಎದ್ದು ಊಟ ಮಾಡು ಅಂತ. ಉಂಡು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಉಣಿಸಿದ. ದಾರಿಯ ವಿಷಯ ಬಂದದ್ದು ಅದಾದ ಮೇಲೆ. ನಿದ್ದೆಗೆಟ್ಟ ಕಣ್ಣಲ್ಲಿ, ಖಾಲಿ ಹೊಟ್ಟೆಯಲ್ಲಿ, ಅಳುತ್ತಾ ತೀರ್ಮಾನ ಮಾಡಬೇಡ ತಂಗಿ. ಉಪವಾಸ ಒಳ್ಳೆಯದು. ಆದರೆ ಎರಡು ತಿಂಗಳ ಆಯಾಸವೇ ನಿನ್ನ ಕಿವಿ ಮುಚ್ಚಿರಬಹುದು.

ಈಗ ಕಷ್ಟದ ಭಾಗ. ಮನಸ್ಸಿಗೆ ನೂರು ಯೋಚನೆ ಬರುತ್ತವೆ. ಯಾವುದು ಆತನದು, ಯಾವುದು ನನ್ನ ಆಸೆ, ಯಾವುದು ಬರೀ ಭಯ? ಇದಕ್ಕೆ ನಾನು ಕಂಡ ಒಳ್ಳೆಯ ಉತ್ತರ ಒಬ್ಬ ಸಿಪಾಯಿಯ ಬದುಕಿನಲ್ಲಿದೆ. ಅವನು ಸ್ಪೇನ್ ದೇಶದ ಇಗ್ನೇಷಿಯಸ್ ಲೊಯೋಲ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ತೋಪಿನ ಗುಂಡು ಬಡಿದು ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಹೊತ್ತು ಕಳೆಯಲು ವೀರರ ಕಥೆಗಳನ್ನು ಕೇಳಿದ, ಮನೆಯಲ್ಲಿ ಇರಲಿಲ್ಲ. ಸಿಕ್ಕಿದ್ದು ಕ್ರಿಸ್ತನ ಜೀವನ ಮತ್ತು ಸಂತರ ಜೀವನದ ಪುಸ್ತಕಗಳು. ಮಲಗಿದಲ್ಲೇ ಎರಡು ಬಗೆಯ ಹಗಲುಗನಸು ಕಾಣುತ್ತಿದ್ದ. ಒಂದರಲ್ಲಿ ತಾನು ದೊಡ್ಡ ವೀರ, ಒಬ್ಬ ರಾಣಿವಾಸದ ಹೆಣ್ಣಿನ ಮನಸ್ಸು ಗೆಲ್ಲುವವನು. ಇನ್ನೊಂದರಲ್ಲಿ ತಾನೂ ಆ ಸಂತರಂತೆ ಎಲ್ಲ ಬಿಟ್ಟು ಬರಿಗಾಲಲ್ಲಿ ನಡೆಯುವವನು. ಕಾಣುವಾಗ ಎರಡೂ ಖುಷಿಯೇ. ಆದರೆ ಕನಸು ಮುಗಿದ ಮೇಲೆ? ಮೊದಲನೆಯದು ಮನಸ್ಸನ್ನು ಒಣಗಿಸಿ ಹೋಗುತ್ತಿತ್ತು. ಎರಡನೆಯದು ಹೋದ ಮೇಲೂ ಸಂತೋಷ ಉಳಿಯುತ್ತಿತ್ತು. ಒಂದು ದಿನ ಅವನಿಗೆ ಈ ವ್ಯತ್ಯಾಸ ಕಣ್ಣಿಗೆ ಬಿತ್ತು. ಯಾವ ದನಿಯೂ ಕೇಳಿಸಿರಲಿಲ್ಲ. ಮುಂದೆ ಅವನು ಕಟ್ಟಿದ ಯೇಸುಸಭೆ ಎಂಬ ಸನ್ಯಾಸಿಗಳ ಸಂಘ, ಬರೆದ ಧ್ಯಾನದ ಕ್ರಮ, ಎಲ್ಲದರ ಬೇರು ಅಲ್ಲಿದೆ.

ಬಳ್ಳಾರಿಯವಳಾಗಿ ಇದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಸಂಜೆ ಬಂಡಿ ಮುಂದೆ ನಿಂತು ಒಗ್ಗರಣೆ ಮಿರ್ಚಿ ತಿಂದರೆ ನಾಲಿಗೆಗೆ ಅದರಷ್ಟು ಸಂತೋಷ ಬೇರೆ ಇಲ್ಲ. ಬೆಳಿಗ್ಗೆ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಹೊರಟರೆ ಅಷ್ಟೇನೂ ಅನಿಸದು. ಮಧ್ಯಾಹ್ನ ಎರಡು ಗಂಟೆಯಾದರೂ ಮೈಯಲ್ಲಿ ಕಸುವು ಇರುತ್ತೆ ನೋಡು, ಆಗ ಗೊತ್ತಾಗುತ್ತೆ. ಒಂದು ಯೋಚನೆ ಬಂದ ಗಳಿಗೆಯಲ್ಲಿ ಹೇಗಿತ್ತು ಅಂತ ನೋಡಬೇಡ. ಮೂರು ದಿನ ಕಳೆದ ಮೇಲೆ ಏನು ಉಳಿಸಿದೆ ಅಂತ ನೋಡು.

ಬಂದ ಗಳಿಗೆಯನ್ನೇ ನಂಬಿ ನಾನು ಒಮ್ಮೆ ಎಡವಿದ್ದೇನೆ. ಬಳ್ಳಾರಿಯಲ್ಲಿ ಪಾಠ ಮಾಡಿಕೊಂಡಿದ್ದಾಗ ಹೈದರಾಬಾದಿನ ಒಂದು ಶಾಲೆಯಿಂದ ಕರೆ ಬಂತು. ಅದೇ ಸಮಯಕ್ಕೆ ಹೊಸ ವರ್ಷದ ರಾತ್ರಿಯ ಆರಾಧನೆ. ಆ ವರ್ಷಕ್ಕೆ ಅಂತ ಒಬ್ಬೊಬ್ಬರೂ ಎತ್ತಿಕೊಳ್ಳುವ, ವಚನ ಬರೆದ ವಾಗ್ದಾನದ ಕಾರ್ಡು ತೆಗೆದರೆ ಕೀರ್ತನೆ 121ರ ಕೊನೆಯ ವಚನ: ನೀನು ಹೋಗುವಾಗಲೂ ಬರುವಾಗಲೂ ಕರ್ತನು ಕಾಪಾಡುವನು. 'ಹೋಗುವಾಗ' ಅನ್ನುವುದೊಂದೇ ನನ್ನ ಕಣ್ಣಿಗೆ ಬಿತ್ತು. ಎದೆ ಡವಡವ ಅಂತು. ದೇವರೇ ಹೋಗು ಅಂದ ಅಂದುಕೊಂಡೆ. ವಾರದೊಳಗೆ ಆ ಉತ್ಸಾಹ ಇಳಿದು ಒಂದು ಕಸಿವಿಸಿ ಶುರುವಾಯಿತು. ಅದನ್ನು ವಿಶ್ವಾಸದ ಕೊರತೆ ಅಂತ ತುಳಿದು ಹಾಕಿ ಹೊರಟೇಬಿಟ್ಟೆ. ಎಂಟು ತಿಂಗಳು ಅಲ್ಲಿದ್ದೆ, ಒಂದು ದಿನವೂ ಮನಸ್ಸು ನೆಲೆ ನಿಲ್ಲಲಿಲ್ಲ. ವಾಪಸ್ ಬಂದ ಮೇಲೆ ನನ್ನ ಗೆಳತಿಗೂ ಆ ವರ್ಷ ಅದೇ ಕಾರ್ಡು ಬಂದಿತ್ತು ಅಂತ ತಿಳಿಯಿತು. ಅವಳು ಊರು ಬಿಟ್ಟಿರಲಿಲ್ಲ. ಆ ಕಾರ್ಡನ್ನು ಈಗಲೂ ಇಟ್ಟುಕೊಂಡಿದ್ದೇನೆ. 'ಬರುವಾಗಲೂ' ಅಂತ ಅದರಲ್ಲಿ ಮೊದಲಿನಿಂದಲೇ ಇತ್ತು. ತಪ್ಪು ದಾರಿ ಹಿಡಿದವಳನ್ನೂ ಆತ ಕೈಬಿಡಲಿಲ್ಲ.

ಭಾವನೆ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ರಾಯಚೂರು ಕಡೆ ಮೆಥೋಡಿಸ್ಟ್ ಸಭೆಗಳಿವೆ, ಅಲ್ಲಿ ಆ ಪಂಥಕ್ಕೆ ಬುನಾದಿ ಹಾಕಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯ ಹೆಸರು ಎಲ್ಲರಿಗೂ ಗೊತ್ತು. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ ಕೂತಿದ್ದಾಗ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು ಅಂತ ಅವನೇ ಬರೆದುಕೊಂಡಿದ್ದಾನೆ. ಅಲ್ಲೂ ಮಾತಿಲ್ಲ, ಬರೀ ಬೆಚ್ಚಗಾದದ್ದು. ಅದೇ ರಾತ್ರಿ ಮನೆಗೆ ಹೋದ ಮೇಲೆ ಶೋಧನೆಗಳು, ಅಂದರೆ ಮನಸ್ಸನ್ನು ಕೆಡಿಸುವ ಸೆಳೆತಗಳು, ಮುತ್ತಿದವು ಅಂತಲೂ ಬರೆದಿದ್ದಾನೆ. ಎರಡನೆಯದನ್ನು ನಾವು ಪ್ರಸಂಗಗಳಲ್ಲಿ ಹೇಳುವುದು ಕಡಿಮೆ. ಹೇಳಿದರೆ ಎಷ್ಟೋ ಜನಕ್ಕೆ ಧೈರ್ಯ ಬರುತ್ತೆ.

ಇನ್ನೊಂದು ನೆನಪು. ಕುಷ್ಟಗಿ ಹತ್ತಿರ ನಮ್ಮ ಸೋದರಮಾವನ ಹೊಲದಲ್ಲಿ ಬೇಸಿಗೆಗೆ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಿದ್ದರು. ಒಂದು ದಿನ ಎರಡು ಹಿಂಡು ಒಂದೇ ಕೆರೆಯ ನೀರಿಗೆ ಇಳಿದು ಕಲೆತುಹೋದವು. ಎಲ್ಲ ಒಂದೇ ಥರ ಕಾಣುವ ಕಪ್ಪು ಕುರಿಗಳು. ಹೇಗೆ ಬೇರೆ ಮಾಡುತ್ತಾರಪ್ಪ ಅಂತ ನಾನು ನೋಡುತ್ತಾ ನಿಂತೆ. ಕುರಿ ಕಾಯುವ ತಾತ ಕೋಲು ಎತ್ತಲಿಲ್ಲ. ದಂಡೆ ಹತ್ತಿ, ತುಟಿ ಒತ್ತಿ 'ಟುರ್ರ್' ಅಂತ ಒಂದು ಸದ್ದು ಮಾಡಿ, ಹಿಂದೆ ನೋಡದೆ ನಡೆದುಬಿಟ್ಟ. ಅವನ ಕುರಿಗಳು ಮೂತಿ ಎತ್ತಿದವು. ಗಲ್ಲದಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಒಂದೊಂದಾಗಿ ಕಳಚಿಕೊಂಡು ಅವನ ಹಿಂದೆ ಬಿದ್ದವು. ಇನ್ನೊಂದು ಹಿಂಡು ಕುಡಿಯುತ್ತಲೇ ಇತ್ತು. ನಾನೂ ಅದೇ ಸದ್ದು ಮಾಡಿ ನೋಡಿದೆ. ಒಂದು ಕುರಿಯೂ ತಿರುಗಲಿಲ್ಲ. ತಾತ ನಕ್ಕು, "ಮಳಿ ಬಿಸಿಲು ನನ್ನ ಕೂಡ ತಿರುಗ್ಯಾವವ್ವ ಅವು, ನಿನ್ನ ಕೂಡ ಅಲ್ಲ" ಅಂದ.

ಯೋಹಾನ 10ನೆಯ ಅಧ್ಯಾಯದಲ್ಲಿ ಯೇಸು ಕುರಿಗಳು ಕುರುಬನ ಸ್ವರವನ್ನು ಬಲ್ಲವು ಅನ್ನುವಾಗ ನನಗೆ ಆ ತಾತನೇ ಕಾಣುತ್ತಾನೆ. ಆ ಸದ್ದಿನಲ್ಲಿ ಅರ್ಥದ ಮಾತು ಒಂದೂ ಇರಲಿಲ್ಲ. ದಿನಾ ಜೊತೆಗಿದ್ದ ರೂಢಿಯಿಂದ ಅವಕ್ಕೆ ಗೊತ್ತಾಯಿತು. ನೀನು ಎರಡು ತಿಂಗಳಿಂದ ಈ ಒಂದು ಪ್ರಶ್ನೆ ಹಿಡಿದುಕೊಂಡೇ ಆತನ ಮುಂದೆ ಕೂತಿದ್ದೀಯ. ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು, ಏನೂ ಕೇಳದೆ, ಯೇಸುವಿನ ಬದುಕು ಹೇಳುವ ಒಂದು ಸುವಾರ್ತೆಯನ್ನು ನಿಧಾನವಾಗಿ ಓದುತ್ತಾ ಆತನ ಜೊತೆ ಇರು. ಆತನ ಸ್ವಭಾವ ಪರಿಚಯವಾದಷ್ಟೂ ಯಾವುದು ಆತನಿಂದ ಬಂದದ್ದಲ್ಲ ಅನ್ನುವುದು ಬೇಗ ತಿಳಿಯುತ್ತೆ.

ಅದಕ್ಕೇ ಬರೆದಿಟ್ಟ ವಾಕ್ಯ ಬೇಕು. ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ನಮ್ಮ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಅನುವಾದಕ್ಕೆ ಕೂತರು. ಪೂರ್ತಿ ಕನ್ನಡ ಸತ್ಯವೇದ ಹೊರಬಂದದ್ದು 1831ರಲ್ಲಿ. ಇಪ್ಪತ್ತು ವರ್ಷ ಹಿಡಿದ ಆ ಕೆಲಸದ ಫಲ ನಮ್ಮ ಕೈಯಲ್ಲಿದೆ. ಒಳಗಿನ ಯಾವ ಪ್ರೇರಣೆಯೇ ಆಗಲಿ, ಯೇಸು ಕಲಿಸಿದ್ದಕ್ಕೆ ವಿರುದ್ಧವಾದರೆ ಅದನ್ನು ಬಿಡಬೇಕು. "ದೇವರು ನನಗೆ ಹೇಳಿದ್ದಾರೆ, ನೀನು ಇವನನ್ನೇ ಮದುವೆಯಾಗಬೇಕು", "ನಿನ್ನ ಹೊಲ ಮಾರಿ ಕೊಡಬೇಕು" ಅಂತ ಯಾರಾದರೂ ಬಂದರೆ ಜಾಸ್ತಿ ಎಚ್ಚರ ಇರಲಿ. ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಅಂತ ಅಪೊಸ್ತಲ ಪೌಲನೇ ಥೆಸಲೊನೀಕದ ಸಭೆಯವರಿಗೆ ಬರೆದಿದ್ದಾನೆ.

ಮುಚ್ಚಿದ ಬಾಗಿಲುಗಳ ಬಗ್ಗೆ ಎರಡೇ ಮಾತು. ಪೌಲನಿಗೆ ಆಸ್ಯ ಪ್ರಾಂತ್ಯಕ್ಕೆ ಹೋಗಲು ಆಗಲಿಲ್ಲ, ಬಿಥೂನ್ಯಕ್ಕೂ ಆಗಲಿಲ್ಲ, ಕೊನೆಗೆ ಮಕೆದೋನ್ಯದ ದಾರಿ ತೆರೆಯಿತು. ಆದರೆ ಅದೇ ಪೌಲ ಎಫೆಸದಲ್ಲಿ ವಿರೋಧಿಗಳು ತುಂಬಾ ಇದ್ದರೂ ಬಾಗಿಲು ತೆರೆದಿದೆ ಅಂತ ಅಲ್ಲೇ ನಿಂತ. ಕಷ್ಟ ಬಂದ ಕೂಡಲೇ ದೇವರು ಬೇಡ ಅಂದ ಅಂತಲ್ಲ, ಸುಲಭವಾದ ಕೂಡಲೇ ಆತ ಹೂಂ ಅಂದ ಅಂತಲೂ ಅಲ್ಲ.

ಇನ್ನು ನಿನ್ನ ವಿಷಯ. ಎರಡು ಕೆಲಸವೂ ರೋಗಿಗಳ ಸೇವೆಯೇ. ಎರಡರಲ್ಲೂ ಪಾಪ ಇಲ್ಲ. ಮೂರು ದಿನ ಬೆಂಗಳೂರಿಗೆ ಹೋಗೋದೇ ಅಂತ ತೀರ್ಮಾನ ಆದಂತೆ ಇರು. ಮನಸ್ಸಲ್ಲೇ ಬಟ್ಟೆ ಕಟ್ಟು, ಬಸ್ಸು ಹತ್ತು. ಇನ್ನು ಮೂರು ದಿನ ಸಿಂಧನೂರಲ್ಲೇ ಉಳಿದಂತೆ ಇರು. ರಾತ್ರಿ ಮಲಗುವಾಗ ಏನು ಉಳಿದಿದೆ ಅಂತ ಒಂದು ಸಾಲು ಬರೆದಿಡು. ನಿನ್ನನ್ನು ಚಿಕ್ಕವಳಿಂದ ಬಲ್ಲ, ನಿನ್ನಿಂದ ಏನೂ ಲಾಭವಿಲ್ಲದ ಒಬ್ಬ ಹಿರಿಯರಿಗೆ ಅದನ್ನು ತೋರಿಸು, ಪಾಸ್ಟರಮ್ಮನವರಾದರೂ ಸರಿ. ಆಗಲೂ ಎರಡೂ ಸಮ ಅನಿಸಿದರೆ ಬುದ್ಧಿ ಉಪಯೋಗಿಸಿ ಒಂದನ್ನು ಆರಿಸಿಕೋ. ಆ ಬುದ್ಧಿಯೂ ಆತನೇ ಕೊಟ್ಟದ್ದು.

ಮತ್ತೊಂದು, ನಿನ್ನ ಪ್ರಶ್ನೆಯನ್ನು ನಾಲ್ಕು ಸಲ ಓದಿದೆ. ಪ್ರಾರ್ಥನೆ ಇದೆ, ಉಪವಾಸ ಇದೆ, ಸಂಬಳದ ಲೆಕ್ಕ ಇದೆ. ಅಮ್ಮ ಏನಂದರು ಅನ್ನೋದು ಎಲ್ಲೂ ಇಲ್ಲ. ಅವರನ್ನು ಕೇಳಿದೆಯಾ? ಕೇಳಿಲ್ಲ ಅಂದರೆ ಇವತ್ತು ಸಂಜೆ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಕೇಳು.